ಹನ್ನೆರಡು ಕೋಲಿನ ಸಂಕ

ಪುತ್ತಿಗೆಯ ಟೈಲರ್ ಹರಿಣಾಕ್ಷಿ ಇಪ್ಪತ್ತು ವರ್ಷದಲ್ಲಿ ಒಂದು ರವಿಕೆಯ ಅಳತೆಯಲ್ಲೂ ತಪ್ಪಿದವಳಲ್ಲ. ಆ ಜಂಬವೂ ಅವಳಿಗೆ ಸಾಕಷ್ಟಿತ್ತು. ಊರವರೇ ಸೇರಿ ಹಳ್ಳ ದಾಟಲು, ಆ ತೋಡಿಗೆ ಕಬ್ಬಿಣದ ಕಾಲುಸಂಕ ಹಾಕುವುದೆಂದಾದಾಗ, ಎಲ್ಲರೂ ಮೊಬೈಲಿನಲ್ಲಿ ನೋಡಿ ಕೆಲಸ ಮಾಡುವ ಅಳತೆಪಟ್ಟಿಯ ಉಸ್ತುವಾರಿ ಅವಳ ಪಾಲಿಗೇ ಬಂತು.

ಬೆಳ್ಳೂರು ಕಡೆಯವರು ತಮ್ಮ ಸಂಕದ ನಕ್ಷೆಯನ್ನೇ ಹಂಚಿಕೊಂಡಿದ್ದರು. ಅಳತೆ ಮಾತ್ರ ಈ ತೋಡಿನದ್ದಾಗಬೇಕು. ಬಾವಿ ತೆಗೆಯುವ ಚನಿಯ ಎರಡೂ ದಡದಲ್ಲಿ ಗೂಟ ಹೊಡೆದು, ಅಳೆದು, "ಹನ್ನೆರಡು ಕೋಲು" ಎಂದ. ಕೋಲಿಗೆ ಎಪ್ಪತ್ತೆರಡು ಸೆಂಟಿಮೀಟರ್ ಎಂದಿತು ಮೊಬೈಲು. ಹರಿಣಾಕ್ಷಿ ಗುಣಿಸಿ ಪಟ್ಟಿಗೆ ಹಾಕಿದಳು. ಮೇಸ್ತ್ರಿಗಳು ಗೂಟ ನೋಡಿ ಎರಡೂ ದಡದಲ್ಲಿ ಕಟ್ಟೆ ಕಟ್ಟಿದರು. ವೆಲ್ಡಿಂಗಿನ ಪ್ರವೀತ್ ಪಟ್ಟಿ ನೋಡಿ ಕಬ್ಬಿಣ ಕತ್ತರಿಸಿದ.

ಕಬ್ಬಿಣ ಏರಿಸುವ ದಿನ ಬೆಳಿಗ್ಗೆಯೇ ಮಳೆ. ಮರುದಿನ ಶಾಲೆ ಶುರು; ಹಳೆಯ ಮರದ ಸಂಕ ತೆಗೆದಾಗಿತ್ತು. ಚಾದ ಪಾತ್ರೆ ಒಯ್ಯಲು ಹರಿಣಾಕ್ಷಿಯ ಮನೆಗೆ ಬಂದ ಚನಿಯ ತನ್ನ ಕೋಲನ್ನು ಗೋಡೆಗೆ ಒರಗಿಸಿದ. ಅದು ಇಷ್ಟು ಉದ್ದವೇ ಎಂದು ಅವಳು ಕೇಳಿದಳು.

"ಇದು ಬಾವಿಯ ಕೋಲು ಅಕ್ಕಾ, ಹತ್ತಿರ ಹತ್ತಿರ ಎರಡೂವರೆ ಅಡಿ. ಆಚಾರಿಗಳ ಮನೆಕೋಲು ಬೇರೆ, ಸ್ವಲ್ಪ ಗಿಡ್ಡ."

ಹರಿಣಾಕ್ಷಿ ಟೇಪು ಹಿಡಿದು ನೋಡಿದಳು: ಎಪ್ಪತ್ತೈದು ಸೆಂಟಿಮೀಟರ್. ಮೊಬೈಲು ಹೇಳಿದ್ದು ಮನೆಕೋಲಿನ ಲೆಕ್ಕ. ಕೋಲಿಗೆ ಮೂರರಂತೆ ಹನ್ನೆರಡು ಕೋಲಿಗೆ ಒಂದೂವರೆ ಗೇಣು ಕಡಿಮೆ! ಒಂದೊಂದು ಕಟ್ಟೆಯ ಮೇಲೂ ಗೇಣುದ್ದ ಕೂರಬೇಕಾದ ಕಬ್ಬಿಣ ಮೂರು ಬೆರಳಷ್ಟೇ ಕೂರುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ಯಾರಿಗೂ ಗೊತ್ತಾಗದು. ಬಾಯಿ ಮುಚ್ಚಿಕೊಂಡರೆ ಮಾನ ಉಳಿಯುತ್ತದೆ ಎಂದು ಒಂದು ಕ್ಷಣ ಅನಿಸಿದ್ದೂ ನಿಜ.

"ನಿಲ್ಲಿಸಿ. ಅಳತೆ ತಪ್ಪಿದೆ" ಎಂದು ಗ್ರೂಪಿಗೆ ಹಾಕಿದಳು. ಯಾರೂ ನೋಡಲಿಲ್ಲ. ಮಳೆಗೆ ಹೆದರಿ ಎಲ್ಲರೂ ಮೊಬೈಲುಗಳನ್ನು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಮರಕ್ಕೆ ನೇತುಹಾಕಿದ್ದರು.

ಅವಳು ಗುಡ್ಡ ಇಳಿದು ಓಡಿದಳು. ಕಬ್ಬಿಣ ಚೈನಿನಲ್ಲಿ ತೂಗುತ್ತ ಕಟ್ಟೆಯ ಹತ್ತಿರ ಬಂದಿತ್ತು. ಕೂಗಿದ್ದು ತೋಡಿನ ಸದ್ದಿನಲ್ಲಿ ಕೇಳಿಸಲಿಲ್ಲ. ಹೋಗಿ ಕಟ್ಟೆಯ ಮೇಲೆಯೇ ಕುಳಿತುಬಿಟ್ಟಳು.

"ಎಂತ ಅಕ್ಕ ಇದು, ಏಳಿ!" ಪ್ರವೀತ್ ಹೌಹಾರಿದ.

"ಕಬ್ಬಿಣ ಗಿಡ್ಡ ಉಂಟು. ತಪ್ಪು ನನ್ನದು."

"ಕೂರ್ತದಲ್ಲ! ಸಿಮೆಂಟು ಹಾಕುವ. ನಾಳೆ ಮಕ್ಕಳು ಹೋಗುವುದು ಹೇಗೆ?"

"ಕೂರ್ತದೆ ಮಾರಾಯ, ನೀರು ಬಂದರೆ ಜಾರ್ತದೆ. ನಾಳೆ ಇದರಲ್ಲಿ ಮೊದಲು ದಾಟುವುದು ನನ್ನ ಮಗಳು ಉಜ್ವಲಾ."

ಬೈದವರು ಬೈದರು. ಹಿಂದೆಯೇ ಬಂದ ಚನಿಯ ಕೋಲು ಹಿಡಿದು ಕಬ್ಬಿಣ ಅಳೆದ ಮೇಲೆ ಚೈನು ಹಿಂದಕ್ಕೆ ಹೋಯಿತು. ಮಕ್ಕಳು ನಾಲ್ಕು ಕಿಲೋಮೀಟರ್ ಸುತ್ತಿ ಶಾಲೆಗೆ ಹೋದರು; ತಾಯಂದಿರು ಹರಿಣಾಕ್ಷಿಯ ಅಂಗಡಿಯ ಎದುರು ಮುಖ ತಿರುಗಿಸಿ ನಡೆದರು. ಅವಳಿಗೆ ಅನ್ನ ಸೇರಲಿಲ್ಲ.

ಐದನೆಯ ದಿನ ತೋಡು ಉಕ್ಕಿ ಬಂತು. ದೊಡ್ಡ ಮರವೊಂದು ತೇಲಿಬಂದು ಕಟ್ಟೆಗೆ ಗುದ್ದಿತು, ಕಟ್ಟೆಯೇ ನಡುಗಿತು. ಅದು ಮಕ್ಕಳು ಶಾಲೆಗೆ ಹೊರಡುವ ಹೊತ್ತು. ದಡದಲ್ಲಿ ನಿಂತಿದ್ದವರು ಖಾಲಿ ಕಟ್ಟೆಯನ್ನೇ ನೋಡಿದರು.

ನೀರು ಇಳಿದ ಮೇಲೆ ಪ್ರವೀತ್ ಮೊಬೈಲಿನಲ್ಲಿ ಪಟ್ಟಿ ತೆಗೆದು ಹರಿಣಾಕ್ಷಿಯ ಮುಂದೆ ಹಿಡಿದ. "ಉದ್ದ ನೀವೇ ಬರೆಯಿರಿ ಅಕ್ಕ. ನಾನು ಅದನ್ನು ನೋಡಿಯೇ ಕತ್ತರಿಸುವುದು."

ಹರಿಣಾಕ್ಷಿ ಟೇಪು ತೆಗೆದುಕೊಂಡು ಕಟ್ಟೆಯ ಕಡೆ ನಡೆದಳು.