ಮೇಜು ಕುಟ್ಟಿದ ಕೈ

ನಮ್ಮೂರ ಪುರಸಭೆಗೆ ಒಂದು ಹುಚ್ಚು ಹೆಮ್ಮೆ ಇದೆ. ಪ್ರತಿ ವರ್ಷ ಉಳಿತಾಯ ಬಜೆಟ್ ಮಂಡಿಸುವುದು. ಚರಂಡಿ ತುಂಬಿ ರಸ್ತೆಗೆ ಹರಿಯಲಿ, ನಳದ ನೀರು ಎಂಟು ದಿನಕ್ಕೊಮ್ಮೆ ಬರಲಿ, ಕೊನೆಗೆ ಇಷ್ಟು ಶಿಲ್ಕು ಉಳಿಯುತ್ತದೆ ಎಂದು ಓದಿದ ಕೂಡಲೇ ಸದಸ್ಯರೆಲ್ಲ ಮೇಜು ಕುಟ್ಟಬೇಕು. ಈ ಪದ್ಧತಿ ಯಾರು ಶುರು ಮಾಡಿದರೋ ಗೊತ್ತಿಲ್ಲ, ಸಿಕ್ಕರೆ ಮುಖಕ್ಕೆ ಬೈಯುತ್ತಿದ್ದೆ. ನಾನು ಮಹಿಳಾ ಮೀಸಲಾತಿಯಲ್ಲಿ ಗೆದ್ದ ಸದಸ್ಯೆ. ನನ್ನ ಬಾಯಿ ಜೋರು ಎಂದೇ ಓಣಿಯವರು ನನ್ನನ್ನು ನಿಲ್ಲಿಸಿದ್ದರು.

ನಮ್ಮ ಮನೆ ಸಂತೆಯ ಬಾಜುವಿನಲ್ಲೇ ಇದೆ. ಸಂತೆಯ ದಿನ ನಮ್ಮ ಕಟ್ಟೆಯ ಮೇಲೆ ಬಳೆ ಮಾರುವ ಚಾಚಿ ಕೂರುತ್ತಾಳೆ. ನಾನು ಸೊಸೆಯಾಗಿ ಬಂದ ವರ್ಷದಿಂದ ನನಗೆ ಬಳೆ ಇಡಿಸುವವಳು ಅವಳೇ. ದೂರದ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಪ್ರತಿ ಸಂತೆಗೂ ನಾನು ಚಹಾ ಬೇಕೇನು ಎಂದು ಕೇಳುವುದು, ಅವಳು ಬೇಡ ಎನ್ನುವುದು ನಡೆದೇ ಇತ್ತು. ನಮ್ಮ ಮನೆಯ ಚಹಾ ಅವರಿಗೆ ಸೇರುವುದಿಲ್ಲ ಎಂದು ಅತ್ತೆ ತೀರ್ಮಾನಿಸಿದ್ದರು. ನಾನು ಅವಳಿಗೆ ಏನೋ ಉಪವಾಸದ ನೇಮ ಇರಬೇಕು ಎಂದುಕೊಂಡಿದ್ದೆ. ಇಷ್ಟು ವರ್ಷ ಅವಳ ಎದುರಿಗೆ ಕೈ ನೀಡಿ ಕೂತ ನಾನು ಒಂದು ಸಲವೂ ಯಾಕೆ ಎಂದು ಕೇಳಿರಲಿಲ್ಲ. ಎಂಥ ಜಾಣೆ ನಾನು!

ಹೋದ ವರ್ಷ ಬೇಸಿಗೆ ಶುರುವಾಗುವ ಮೊದಲು, ಒಂದು ಸಂತೆಯ ದಿನ ಚಾಚಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ನಾನು ಓಡಿ ಹೋಗಿ ನೀರು ತಂದೆ. ಅವಳು ತಂಬಿಗೆಯನ್ನು ಮೆಲ್ಲಗೆ ದೂರ ಸರಿಸಿದಳು.

"ಕಿಡ್ನ್ಯಾಗ ಹರಳ ಆಗ್ಯಾವ ಅಂದಾರ್ರಿ ಡಾಕ್ಟರು. ನೀರ ಭಾಳ ಕುಡೀಬೇಕಂತ. ಸಂತಿ ದಿನ ಕುಡದು ಎಲ್ಲಿ ಹೋಗ್ಲಿ ಅಕ್ಕಾರ? ಗುಡಗೇರಿ ಸಂತ್ಯಾಗಾದ್ರ ಬಾಜೂಕ ರೈಲ್ವೆ ಸ್ಟೇಷನ್ ಪಾಯಖಾನಿ ಐತಿ, ಅಲ್ಲಿ ಕುಡೀತೇನಿ."

ನಮ್ಮ ಸಂತೆಯಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ. ಗಂಡಸರಿಗೆ ಊರಿನ ಗೋಡೆಗಳೆಲ್ಲ ಇವೆ. ತರಕಾರಿಯವಳು, ಮೆಣಸಿನಕಾಯಿಯವಳು, ಬಳೆಯವಳು ಬೆಳಗಿನಿಂದ ಸಂಜೆಯವರೆಗೆ ಬಾಯಿ ಒಣಗಿಸಿಕೊಂಡು ಕೂತಿರುತ್ತಾರೆ ಎಂಬುದು ಅವತ್ತು ನನ್ನ ತಲೆಗೆ ಹೋಯಿತು. ಈ ಬಜೆಟ್ಟಿನಲ್ಲಿ ಕಟ್ಟಿಸಿಯೇ ಬಿಡುತ್ತೇನೆ ಎಂದು ಆ ಕಟ್ಟೆಯ ಮೇಲೆಯೇ ಮಾತು ಕೊಟ್ಟೆ. ಚಾಚಿ ಆಗಲಿ ಎಂದಳು.

ಬಜೆಟ್ ಸಭೆಯಲ್ಲಿ ಎರಡು ತಾಸು ಜಗಳವಾಯಿತು. ಅಧ್ಯಕ್ಷರಿಗೆ ಉದ್ಯಾನವನ ಬೇಕು, ಅದರ ನಡುವೆ ಕಾರಂಜಿ ಬೇಕು. ಮುಖ್ಯಾಧಿಕಾರಿಗೆ ಶಿಲ್ಕು ಬೇಕು. ಬೇಸಿಗೆಯಲ್ಲಿ ನೀರಿನ ಮೋಟರ್ ಸುಟ್ಟರೆ ಯಾರ ಮುಂದೆ ಕೈ ಒಡ್ಡುವುದು ಎಂದರು. ಅದರಲ್ಲಿ ಸುಳ್ಳಿರಲಿಲ್ಲ, ಒಪ್ಪುತ್ತೇನೆ. ಆದರೆ ನಳದಲ್ಲಿ ನೀರಿಲ್ಲದ ಊರಿಗೆ ಕಾರಂಜಿ ಯಾಕೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಕೇಳಿದವಳು ನಾನು. ಆಮೇಲೆ ಶೌಚಾಲಯದ ಮಾತು ತೆಗೆದೆ. ಒಂದಿಬ್ಬರು ಮುಸಿಮುಸಿ ನಕ್ಕರು. ಅಧ್ಯಕ್ಷರು ಮಾತ್ರ ಬಹಳ ಮರ್ಯಾದೆಯಿಂದ ಹೇಳಿದರು:

"ಹೆಣ್ಮಕ್ಕಳು ಯಾರೂ ಅರ್ಜಿ ಕೊಟ್ಟಿಲ್ಲಲ್ರಿ ಅಕ್ಕಾರ. ಬೇಕಾಗಿದ್ರ ಕೇಳ್ತಿದ್ರು."

ಕೊನೆಗೆ ರಾಜಿಯಾಯಿತು. ಕಾರಂಜಿ ಉಳಿಯಿತು, ಶಿಲ್ಕೂ ಉಳಿಯಿತು. ಶೌಚಾಲಯ ಮುಂದಿನ ವರ್ಷಕ್ಕೆ ಹೋಯಿತು. ಮುಖ್ಯಾಧಿಕಾರಿ ಉಳಿತಾಯ ಎಷ್ಟು ಎಂದು ಓದಿದರು. ಸಭೆಯೆಲ್ಲ ಮೇಜು ಕುಟ್ಟಿತು. ನಾನೂ ಕುಟ್ಟಿದೆ.

ಹೌದು, ಕುಟ್ಟಿದೆ. ಯಾರೂ ನನ್ನ ಕೈ ಹಿಡಿದು ಕುಟ್ಟಿಸಲಿಲ್ಲ. ಎಲ್ಲರೂ ಕುಟ್ಟುವಾಗ ಸುಮ್ಮನೆ ಕೂತರೆ ಹೇಗೆ ಕಾಣುತ್ತದೋ ಎಂದು ಕೈ ತಾನಾಗಿಯೇ ಎದ್ದಿತು. ಚಾಚಿ ಇಡಿಸಿದ್ದ ಹಸಿರು ಬಳೆಗಳಲ್ಲಿ ಎರಡು ಮೇಜಿನ ಅಂಚಿಗೆ ಬಡಿದು ಚೂರಾದವು. ಬಜೆಟ್ ಸರ್ವಾನುಮತದಿಂದ ಪಾಸಾಯಿತು ಎಂದು ಬರೆದುಕೊಂಡರು.

ಮುಂದಿನ ಸಂತೆಯ ದಿನ ಚಾಚಿ ನನ್ನ ಕೈ ನೋಡಿ, ಎರಡು ಬಳೆ ಏನಾದವು ಎಂದಳು. ಕೊಡ ಎತ್ತುವಾಗ ಹೋದವು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಕೈ ಅವಳ ಕೈಯಲ್ಲೇ ಇತ್ತು, ಸುಳ್ಳು ಬರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಚಾಚಿ ನನ್ನ ಬೆರಳು ಹಿಚುಕಿ ಹೊಸ ಬಳೆ ಏರಿಸಿದಳು. ನನಗೆ ಸಿಟ್ಟು ಉಕ್ಕಿತು. ಅಧ್ಯಕ್ಷರನ್ನು, ಅಧಿಕಾರಿಯನ್ನು, ಆ ಹಾಳು ಕಾರಂಜಿಯನ್ನು ಬಾಯಿಗೆ ಬಂದಂತೆ ಬೈದೆ. ಬೈದು ದಣಿದು, ರೂಢಿಯಂತೆ ಚಹಾ ತರಲೇ ಎಂದು ಕೇಳಿದೆ.

"ನೀವ ಕುಡೀರಿ ಅಕ್ಕಾರ," ಎಂದಳು ಚಾಚಿ. "ನಿಮ್ಮ ಹಿತ್ತಲ ಇಲ್ಲೇ ಐತಿ."

ನಮ್ಮ ಹಿತ್ತಲ ಶೌಚಾಲಯ ಅಲ್ಲಿಂದ ಹತ್ತು ಹೆಜ್ಜೆ. ದೇವರ ಮನೆ, ಅಡಿಗೆ ಮನೆ ದಾಟಿ ಹೋಗಬೇಕಲ್ಲ ಎಂಬ ನೆಪವೂ ನನಗಿರಲಿಲ್ಲ, ಯಾಕೆಂದರೆ ಗೋಡೆಯ ಪಕ್ಕದ ಸಂದಿಯಿಂದಲೇ ದಾರಿ ಇದೆ. ಪುರಸಭೆಯ ದುಡ್ಡಿನಿಂದ ಕಟ್ಟಿಸುತ್ತೇನೆ ಎಂದು ಮಾತು ಕೊಟ್ಟ ದಿನವೂ ನಮ್ಮ ಹಿತ್ತಲಿಗೆ ಹೋಗಿ ಬಾ ಎನ್ನಲು ನನಗೆ ತೋಚಿರಲಿಲ್ಲ. ತೋಚಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಅತ್ತೆ ಏನೆಂದಾರು ಎಂಬುದು ಒಳಗೆಲ್ಲೋ ಇತ್ತು. ಅವತ್ತೇ ಎದ್ದು ಸಂದಿಯ ಬಾಗಿಲ ಚಿಲಕ ತೆಗೆದೆ. ಅತ್ತೆ ಎರಡು ದಿನ ಮಾತು ಬಿಟ್ಟರು.

ಮೊದಲು ಚಾಚಿ ಹೋದಳು, ಆಮೇಲೆ ಮೆಣಸಿನಕಾಯಿಯವಳು. ತಿಂಗಳು ಕಳೆಯುವುದರಲ್ಲಿ ಸಂತೆಯ ದಿನ ಸಂದಿಯಲ್ಲಿ ಸಾಲು ನಿಲ್ಲತೊಡಗಿತು. ಕೊಡ ಕೊಡ ನೀರು ಹೊತ್ತು ನನ್ನ ಸೊಂಟ ಬಿದ್ದುಹೋಯಿತು. ಒಂದು ಸಂತೆಗೆ ಅಧ್ಯಕ್ಷರು ಆ ಕಡೆ ಬಂದವರು ಸಾಲು ನೋಡಿ ನಿಂತರು. ಮುಖ ಅರಳಿತು.

"ಚಲೋ ಕೆಲಸ ಮಾಡೀರಿ ಅಕ್ಕಾರ. ಇನ್ನ ಪುರಸಭೆ ಕಟ್ಟಿಸೋ ಗರಜೇ ಉಳೀಲಿಲ್ಲ. ಅಷ್ಟೂ ಉಳಿತಾಯ."

ಹೀಗೆಂದು ನಮ್ಮ ಕಟ್ಟೆಯನ್ನು ಎರಡು ಸಲ ಕುಟ್ಟಿದರು. ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಧ್ಯಕ್ಷರು ಬಂದ ದಾರಿ ಹಿಡಿದರು.

ಅವರು ತಿರುವಿನಲ್ಲಿ ಮರೆಯಾದ ಮೇಲೆ ಒಳಗಿನಿಂದ ಒಂದು ಹಾಳೆ, ಒಂದು ಇಂಕ್ ಪ್ಯಾಡ್ ತಂದು ಕಟ್ಟೆಯ ಮೇಲೆ ಇಟ್ಟೆ. ಅರ್ಜಿ ಬಂದಿಲ್ಲ ಎಂದಿದ್ದರಲ್ಲ, ಈಗ ಬಂದಿದೆ. ಮೊದಲನೆಯ ಹೆಬ್ಬೆಟ್ಟು ಚಾಚಿಯದು.