ಹದಿನೈದನೆಯ ದೂರು

ಈ ಅನುಭವಕ್ಕೆ ನಾನು ತೆತ್ತ ಬೆಲೆ ಬೇಲೂರು, ಹಳೇಬೀಡು ಕಡೆಯ ಪಂಪ್‌ಸೆಟ್ ಏಜೆನ್ಸಿ. ಕೈಗೆ ಬರುತ್ತಿದ್ದುದನ್ನು ನಾನೇ ಬಾಯಿಬಿಟ್ಟು ಕಳೆದುಕೊಂಡೆ. ಯಾಕೆ ಎಂದು ಕೇಳಿದವರಿಗೆಲ್ಲ ಸೇಡಿಗೆ ಎಂದಿದ್ದೇನೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ದೆವ್ವ, ಶಕುನ ಇವನ್ನೆಲ್ಲ ನಂಬಿದವಳಲ್ಲ ನಾನು. ಮೋಟಾರು ಸುಟ್ಟರೆ ಕಾರಣ ಇದ್ದೇ ಇರುತ್ತದೆ, ಬಿಚ್ಚಿದರೆ ಸಿಗುತ್ತದೆ. ನನ್ನ ವೇದಾಂತ ಅಷ್ಟೇ ಆಗಿತ್ತು.

ಅರಸೀಕೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ನನ್ನದು. ಬೇರೆಯವರ ಅಂಗಡಿಯಲ್ಲಿ ತಂತಿ ಸುತ್ತುತ್ತಾ ಕಲಿತು, ಒಂದೊಂದೇ ಸ್ಪ್ಯಾನರ್ ಕೊಂಡು ಕಟ್ಟಿದ್ದು. ರುದ್ರೇಶ ಎಂಬಾತ ಕೆಲವು ವರ್ಷ ನನ್ನ ಪಾಲುದಾರನಾಗಿದ್ದ. ತಾಮ್ರದ ತಂತಿ ಎಂದು ಹೇಳಿ ಅಗ್ಗದ ಅಲ್ಯೂಮಿನಿಯಂ ಸುತ್ತುವುದು, ಗಿರಾಕಿ ದೂರು ಕೊಟ್ಟರೆ 'ಸರಿಹೋಗಿದೆ' ಎಂದು ಬರೆದು ಮುಗಿಸಿಬಿಡುವುದು ಅವನ ಚಾಳಿ. ಗೊತ್ತಾದ ದಿನ ಪಾಲು ಮುರಿದೆ. ಅವನು ಸುಮ್ಮನಿರಲಿಲ್ಲ. ಸುಟ್ಟ ಮೋಟಾರುಗಳೆಲ್ಲ ನನ್ನ ಕೈಯವು, ಹೆಂಗಸು ಸುತ್ತಿದ ಮೋಟಾರು ನಿಲ್ಲುವುದಿಲ್ಲ ಎಂದು ಹಾರನಹಳ್ಳಿಯಿಂದ ಹಳೇಬೀಡಿನವರೆಗೆ ಹೇಳಿಕೊಂಡು ಬಂದ. ಆ ಮಾತು ನನ್ನ ಹೊಟ್ಟೆಯಲ್ಲಿ ಉರಿಯುತ್ತಲೇ ಇತ್ತು.

ಕಳೆದ ವರ್ಷ ಪಂಪ್ ಕಂಪನಿಯವರು ನಮ್ಮಂಥ ಸರ್ವಿಸ್ ಅಂಗಡಿಗಳಿಗೆ ಎಐ ಏಜೆಂಟ್ ಕೊಟ್ಟರು. ಕಂಪ್ಯೂಟರಿನೊಳಗಿನ ಏಜೆಂಟ್, ಮನುಷ್ಯನಲ್ಲ. ಗಿರಾಕಿಗಳ ದೂರುಗಳನ್ನು ಕಂಪನಿಯ ದಾಖಲೆಗೆ ಸೇರಿಸಿ, ಬೇಕಾದ್ದನ್ನು ಹುಡುಕುವ ವ್ಯವಸ್ಥೆ ಮೊದಲೇ ಇತ್ತು. ಇನ್ನು ಮೇಲೆ ಹುಡುಕುವುದು ಏಜೆಂಟು, ಹೇಗೆ ಹುಡುಕಬೇಕೆಂದು ನೀವೇ ಅದಕ್ಕೆ ಬರೆದು ಕೊಡಿ ಎಂದರು. ನಮ್ಮ ದೂರಿನ ಪಟ್ಟಿ ಹೊರಗಿನವರಿಗೆ ಅರ್ಥವಾಗುವಂಥದ್ದಲ್ಲ. ಊರಿಗೆ ಹತ್ತು ಜನ ಬಸವರಾಜು, ಹತ್ತು ಜನ ಶಿವಣ್ಣ. ಹಾಗಾಗಿ ನಾವು ದೂರು ಬರೆಯುವುದು ಗಿರಾಕಿಯ ಹೆಸರಿನಲ್ಲಲ್ಲ, ಬಾವಿಯ ಹೆಸರಿನಲ್ಲಿ. ಅದನ್ನೇ ಬರೆದೆ. ಹುಡುಕುವಾಗ ಗಿರಾಕಿಯ ಹೆಸರು ಹಾಕಬೇಡ, ಊರು ಮತ್ತು ಬಾವಿ ಹಾಕು. ಏನೂ ಸಿಗದಿದ್ದರೆ ಇಲ್ಲವೆಂದು ಹೇಳಿಬಿಡಬೇಡ, ಬೇರೆ ಪದ ಹಾಕಿ ನೋಡು. 'ಸುಟ್ಟಿದೆ' ಎನ್ನುವ ಬದಲು 'ಹೊಗೆ ಬಂತು' ಎಂದೂ ಇರಬಹುದು. ಮುಗಿದ ದೂರುಗಳನ್ನೂ ತೆರೆದು ನೋಡು. ಕೊನೆಗೆ ರುದ್ರೇಶನನ್ನು ನೆನೆದುಕೊಂಡು ಇನ್ನೊಂದು ಸಾಲು ಸೇರಿಸಿದೆ: ತಂತಿಯಲ್ಲಿ ಮೋಸ ಎಲ್ಲಿದ್ದರೂ ತೆಗೆ, ಯಾರದ್ದೇ ಆದರೂ ಬಿಡಬೇಡ.

ಆಗಲೇ ಬೇಲೂರು ಕಡೆಯ ಏಜೆನ್ಸಿಗೆ ಕಂಪನಿ ಅರ್ಜಿ ಕರೆದಿತ್ತು. ಗಟ್ಟಿಯಾಗಿ ನಿಂತವರು ನಾವಿಬ್ಬರೇ, ನಾನು ಮತ್ತು ರುದ್ರೇಶ. ನನ್ನ ಅಂಗಡಿಯಲ್ಲಿದ್ದಾಗ ಅವನು ಮುಚ್ಚಿಹಾಕಿದ ದೂರುಗಳ ಪಟ್ಟಿ ಕಂಪನಿಗೆ ಹೋದರೆ ಅವನ ಕಥೆ ಮುಗಿದಂತೆ. ಸುದ್ದಿ ಅವನಿಗೂ ಮುಟ್ಟಿತ್ತು. ಬಸ್‌ಸ್ಟ್ಯಾಂಡ್ ಹತ್ತಿರ ಸಿಕ್ಕಿದವನು, "ಏನಕ್ಕಾ, ಮಿಷನ್ನಿಗೆ ಪಾಠ ಹೇಳ್ಕೊಡ್ತಿದ್ದೀಯಂತೆ. ನನ್ ಹೆಸ್ರು ಎಷ್ಟನೇ ಪಾಠದಾಗೈತೆ?" ಎಂದು ಹಲ್ಲು ಬಿಟ್ಟ.

"ಪರೀಕ್ಷೇಲಿ ಬತ್ತೈತೆ ಬಿಡಪ್ಪ, ಓದ್ಕೊಂಡಿರು," ಎಂದೆ.

ಮಾರನೆಯ ದಿನ ಊಟ ಮುಗಿಸಿ ಏಜೆಂಟಿಗೆ ಕೆಲಸ ಹೇಳಿದೆ. ಹಾಡುಹಗಲು, ಎದುರಿಗೆ ರಸ್ತೆ ತುಂಬ ಜನ. ಕಂಪ್ಯೂಟರ್ ನೋಡಿಕೊಳ್ಳುವ ನಾಗವೇಣಿ ಬಂದ ಪಟ್ಟಿಯನ್ನು ಪ್ರಿಂಟ್ ತೆಗೆದು ಓದತೊಡಗಿದಳು. ಹದಿನಾಲ್ಕು ದೂರು, ಹದಿನಾಲ್ಕೂ ರುದ್ರೇಶನವು. ನನಗೆ ಹಾಲು ಕುಡಿದಷ್ಟು ಸಂತೋಷ. ಅಷ್ಟರಲ್ಲಿ ಅವಳು ಹಾಳೆ ತಿರುಗಿಸಿ, "ಇನ್ನೊಂದೈತೆ ಅಕ್ಕಾ," ಎಂದಳು. "ಕಣಕಟ್ಟೆ, ಜೋಡಿ ತೆಂಗಿನ ಬಾವಿ. 'ತಾಮ್ರ ಅಂದೆ, ಕೆರೆದ್ರೆ ಬೆಳ್ಳಗೈತಲ್ಲವ್ವ. ನಾನು ಯಾರ್ಗೂ ಹೇಳಕಿಲ್ಲ ಬಿಡು.' ಮುಗಿಸಿದೋರು ಅಂತ ನಿಮ್ ಹೆಸ್ರು ಐತೆ. ಇದ್ಯಾವ್ದಕ್ಕಾ?"

ಆ ಮಾತು ಆ ಬಾವಿಯ ಒಡತಿ ಗಂಗಜ್ಜಿಯದು. ಅಂಗಡಿ ಇಟ್ಟ ಹೊಸದರಲ್ಲಿ, ತಾಮ್ರ ತರುವ ಶಕ್ತಿ ಇಲ್ಲದಿದ್ದಾಗ, ಒಂದೇ ಒಂದು ಮೋಟಾರಿಗೆ ನಾನೂ ಅಲ್ಯೂಮಿನಿಯಂ ಸುತ್ತಿದ್ದೆ. ಅದು ಅಜ್ಜಿಯದು. ಸುಟ್ಟಾಗ ಬಿಚ್ಚಲು ನಾನು ಹೋದರೆ, ಅಜ್ಜಿ ತಂತಿಯ ಚೂರನ್ನು ಕುಡುಗೋಲಿನಿಂದ ಕೆರೆದು, ನನ್ನ ಮುಖ ನೋಡಿ ಅಷ್ಟೇ ಹೇಳಿದ್ದಳು. ಬಾವಿಯ ಹತ್ತಿರ ನಾವಿಬ್ಬರೇ. ಆಗ ನನ್ನಲ್ಲಿ ಕಂಪ್ಯೂಟರೂ ಇರಲಿಲ್ಲ, ರುದ್ರೇಶನೂ ಇರಲಿಲ್ಲ. ನಾನು ಎಲ್ಲೂ ಬರೆದಿಟ್ಟಿಲ್ಲ, ಗಂಡನಿಗೂ ಹೇಳಿಲ್ಲ. ಅಜ್ಜಿ ಅದೇ ವರ್ಷ ತೀರಿಕೊಂಡಳು.

ಆ ದೂರಿನ ನಂಬರ್ ಹಾಕಿ ತೆರೆದರೆ, ಇಂಥ ದೂರು ಇಲ್ಲ ಎಂದು ಬಂತು. ಮತ್ತೆ ಹುಡುಕಿಸಿದರೆ ಹದಿನಾಲ್ಕೇ. ಕಾಗದದ ಮೇಲೆ ಮಾತ್ರ ಹದಿನೈದು. ಹರಿದುಹಾಕಲು ಕೈ ಹೋಯಿತು, ಹರಿಯಲಾಗಲಿಲ್ಲ. ಎರಡು ದಿನ ಒದ್ದಾಡಿ, ಇದ್ದ ಹಾಗೇ ಕಂಪನಿಗೆ ಕಳಿಸಿದೆ.

ಕಂಪನಿಯ ಆಫೀಸರು ಫೋನ್ ಮಾಡಿದರು. ಹದಿನೈದನೆಯದು ಅವರ ದಾಖಲೆಯಲ್ಲಿ ಇಲ್ಲವಂತೆ. ಈ ಮಿಷನ್ನುಗಳು ಕೆಲವು ಸಲ ಇಲ್ಲದ್ದನ್ನು ಕಟ್ಟಿ ಹೇಳುತ್ತವೆ, ಅದೊಂದು ಸುಳ್ಳು ಎಂದು ಹೊಡೆದುಹಾಕಿದರೆ ಏಜೆನ್ಸಿ ನಿಮ್ಮದೇ ಎಂದರು. ಆದರೆ ಪಟ್ಟಿ ತೋರಿಸಿ ಕೇಳಿದಾಗ ರುದ್ರೇಶ ಆಗಲೇ ಅವರ ಮುಂದೆ ವಾದ ಹೂಡಿದ್ದನಂತೆ: ಮಿಷನ್ನು ಒಂದು ಸುಳ್ಳು ಹೇಳಿದ್ದರೆ ಉಳಿದ ಹದಿನಾಲ್ಕನ್ನೂ ಹೇಗೆ ನಂಬುತ್ತೀರಿ ಎಂದು. ನನಗೆ ಕಣ್ಣೆದುರು ಕಂಡದ್ದು ಅವನ ನಗು. ಹದಿನೈದನೆಯದು ಸುಳ್ಳಾದರೆ ಇವತ್ತಲ್ಲ ನಾಳೆ ಅವನು ತಪ್ಪಿಸಿಕೊಳ್ಳುತ್ತಾನೆ.

"ಅದು ನಿಜ ಸಾರ್," ಎಂದೆ. "ಆ ಮೋಟಾರು ಸುತ್ತಿದ್ದು ನಾನೇ. ಉಳಿದ ಹದಿನಾಲ್ಕೂ ಅಷ್ಟೇ ನಿಜ."

ಏಜೆನ್ಸಿ ಮೂರನೆಯವರ ಪಾಲಾಯಿತು. ರುದ್ರೇಶನಿಗೆ ಸಿಗಲಿಲ್ಲ, ಈಗ ಆ ಕಡೆ ಅವನಿಗೆ ಯಾರೂ ಮೋಟಾರು ಕೊಡುವುದಿಲ್ಲ. ಆ ಖುಷಿ ನನಗೆ ಇವತ್ತಿಗೂ ಇಳಿದಿಲ್ಲ, ಮುಚ್ಚಿಡುವುದೂ ಇಲ್ಲ. ಆದರೆ ಆ ಹಾಳೆಯನ್ನು ಆಗಾಗ ತೆಗೆದು ನೋಡುತ್ತೇನೆ. ಮಿಷನ್ನು ಒಂದು ದೂರನ್ನು ಕಟ್ಟೀತು. ಅಜ್ಜಿಯ ಬಾಯಿಮಾತನ್ನು ಅಕ್ಷರ ತಪ್ಪದೆ ಹೇಗೆ ಕಟ್ಟಿತು? ಬಿಚ್ಚಿ ನೋಡಿದರೂ ಕಾರಣ ಸಿಗದ ಒಂದೇ ಪ್ರಕರಣ ಇದು.

ನೀವೂ ಇಂಥ ಏಜೆಂಟಿಗೆ ಬರೆದು ಕೊಡುವ ಪ್ರಸಂಗ ಬಂದರೆ ನನ್ನ ಮಾತು ಕೇಳಿ. ಪದಗಳನ್ನು ಧಾರಾಳವಾಗಿ ಕೊಡಿ, ಗಿರಾಕಿ ಆಡುವ ಮಾತಿನಲ್ಲೇ ಕೊಡಿ. ಅದು ತಂದದ್ದನ್ನು ಒಂದೊಂದಾಗಿ ತೆರೆದು ನೋಡದೆ ಯಾರಿಗೂ ಕಳಿಸಬೇಡಿ. ಮುಖ್ಯವಾಗಿ, ಆಗದವರ ಹೆಸರಿನಲ್ಲಿ ಹುಡುಕಿಸುವ ಮೊದಲು ನಿಮ್ಮ ಹೆಸರಿನಲ್ಲಿ ಒಂದು ಸಲ ಹುಡುಕಿಸಿ. ಆ ಹೊತ್ತಿಗೆ ಪ್ರಿಂಟರ್ ಆಫ್ ಮಾಡಿಟ್ಟಿರಿ.