ಮೂಡಣಕ್ಕೆ ಮುಖ ಮಾಡಿದ ಜನರೇಟರ್

ದೆವ್ವ ಭೂತಗಳ ಮಾತು ಬಂದರೆ ನಾನು ಮೊದಲು ನಗುತ್ತಿದ್ದೆ. ನನ್ನದು ಎಲೆಕ್ಟ್ರಿಶಿಯನ್ ಕೆಲಸ. ‘ಆ ಮನೆಯಲ್ಲಿ ದೀಪ ತಾನಾಗಿ ಹತ್ತುತ್ತದೆ, ತಾನಾಗಿ ಆರುತ್ತದೆ, ಏನೋ ಇದೆ’ ಎಂದು ಜನ ಕರೆದ ಕಡೆಯೆಲ್ಲ ಹೋಗಿ ನೋಡಿದ್ದೇನೆ. ಎಲ್ಲೋ ಒಂದು ತಂತಿ ಸಡಿಲವಾಗಿರುತ್ತಿತ್ತು. ಸ್ಕ್ರೂ ಬಿಗಿ ಮಾಡಿ, ನಿಮ್ಮ ದೆವ್ವ ಬಿಟ್ಟಿತು ನೋಡಿ ಎಂದು ಹೇಳಿ, ಚಹಾ ಕುಡಿದು ಬರುತ್ತಿದ್ದೆ. ಹೀಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ನಾನು ಕೇಳಲಾರೆ. ಇಂಥವು ಅಮಾವಾಸ್ಯೆಯ ರಾತ್ರಿ ನಡೆಯುತ್ತವೆ ಎನ್ನುತ್ತಾರೆ. ನನ್ನದು ಶ್ರಾವಣದ ಒಂದು ಭಾನುವಾರ, ಮಧ್ಯಾಹ್ನ ಹೋಳಿಗೆ ಊಟವಾದ ಮೇಲೆ ನಡೆದದ್ದು.

ಎಂಬತ್ತರ ದಶಕದ ಮೊದಲ ವರ್ಷಗಳು. ಸುರಪುರದ ಕಡೆಯಿಂದ ಬಂದು ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಬಂದ ಹೊಸದರಲ್ಲಿ ನನಗೆ ತಲೆಯ ಮೇಲೊಂದು ಸೂರು ಇರಲಿಲ್ಲ. ಬಾಗಲಕೋಟೆ ಕಡೆಯ ಸಾವಕಾರರೊಬ್ಬರು ಅಲ್ಲಿ ಜೋಳ, ಒಣಮೆಣಸಿನಕಾಯಿ ವ್ಯಾಪಾರ ಮಾಡಿಕೊಂಡಿದ್ದರು. ಅವರ ತಾಯಿ, ಎಲ್ಲರೂ ಆಯಿ ಎಂದು ಕರೆಯುವವರು, ನನ್ನ ಭಾಷೆ ಕೇಳಿಯೇ ಒಳಗೆ ಕರೆದು ಕೂರಿಸಿದ್ದರು. ಆರು ತಿಂಗಳು ಅವರ ಮನೆಯ ರೊಟ್ಟಿ ತಿಂದಿದ್ದೇನೆ. ಒಂದು ದಿನವೂ ‘ಯಾವಾಗ ಹೋಗುತ್ತೀ’ ಎಂದು ಕೇಳಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ ತಪ್ಪಿಗೆ ಬೇರೆ ಕಾರಣವಿಲ್ಲ.

ಆಮೇಲೆ ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಎರಡು ವರ್ಷ ಹಾಸಿಗೆಯೇ ಗತಿ. ಮೇಲೆ ಉಬ್ಬಸ. ಮುಖಕ್ಕೆ ಫ್ಯಾನಿನ ಗಾಳಿ ಬೀಳದಿದ್ದರೆ ಉಸಿರು ಕಟ್ಟುತ್ತಿತ್ತು. ಅವರಿಗಿದ್ದದ್ದು ಒಂದೇ ಆಸೆ, ಶ್ರೀಶೈಲ ನೋಡಬೇಕು. ರೈಲಿನಲ್ಲಿ ಕೂರಲಾರರು. ಸಾವಕಾರರು ಕೊನೆಗೆ ಒಂದು ಹಳೇ ಬಸ್ಸು ಕೊಂಡು, ಸೀಟು ಕಿತ್ತು, ಒಳಗೆ ಎರಡು ಮಂಚ, ನೀರಿನ ಟಾಕಿ, ಸ್ಟೋವು ಇಡಲು ಕಟ್ಟೆ ಎಲ್ಲ ಮಾಡಿಸಿದರು. ಫ್ಯಾನಿಗೆ ಕರೆಂಟು ಬೇಕಲ್ಲ, ಅದಕ್ಕೊಂದು ಪೆಟ್ರೋಲ್ ಜನರೇಟರ್ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಪುಣೆಯ ಗುಜರಿಯಲ್ಲಿ ಒಂದು ಸಿಕ್ಕಿತು. ಬಿಚ್ಚಿ, ತೊಳೆದು, ಓಡುವಂತೆ ಮಾಡಿದೆ. ಅದರ ಸ್ವಿಚ್ಚು ಮಾತ್ರ ಸರಿಹೋಗಲಿಲ್ಲ. ನಿಲ್ಲಿಸಬೇಕಾದರೆ ಪೆಟ್ರೋಲು ಬಿಡುವ ತಿರುಪು, ಅಂದರೆ ಕಾಕ್, ಮುಚ್ಚಬೇಕು. ಆ ಕಾಕ್ ಕೂಡ ಎಡವಟ್ಟು, ಉಳಿದವುಗಳಂತೆ ಬಲಕ್ಕಲ್ಲ, ಎಡಕ್ಕೆ ತಿರುಗಿಸಿದರೆ ಮುಚ್ಚುತ್ತಿತ್ತು. ಅದು ಗೊತ್ತಿದ್ದದ್ದು ನನಗೊಬ್ಬನಿಗೆ.

ಜನರೇಟರಿನ ಹೊಗೆ ಎಂಥದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಣ್ಣಿಗೆ ಕಾಣದ ವಿಷ ಅದರಲ್ಲಿರುತ್ತದೆ. ಸಾವಕಾರರಿಗೆ ಮೊದಲ ದಿನವೇ ಪಾಠ ಒಪ್ಪಿಸಿದ್ದೆ. “ನಾಲ್ಕು ಮಾರು ದೂರ ಇಡಬೇಕ್ರಿ. ಹೊಗಿ ಕೊಳವಿ ಗಾಡಿ ಕಡೆ ಇರಬಾರದ್ರಿ. ಮ್ಯಾಲೆ ಏನೂ ಮುಚ್ಚಬಾರದ್ರಿ.” ಅವರು ನಗುತ್ತಾ, “ಅದಕ್ಕ ನಿನ್ನ ಕರಕೊಂಡು ಹೊಂಟೀವಲ್ಲೋ, ನಿನ್ನ ಮಷೀನು, ನೀ ನೋಡ್ಕೋ,” ಎಂದಿದ್ದರು.

ಶ್ರೀಶೈಲಕ್ಕೆ ಹೋಗುವ ಮೊದಲು ಒಂದು ದಿನದ ತಾಲೀಮು ಆಗಲಿ ಎಂದು ಭಾನುವಾರ ಹೊರಟೆವು. ಆಯಿ, ಸಾವಕಾರರು, ಅವರ ಹೆಂಡತಿ, ಹತ್ತು ಮತ್ತು ಆರು ವರ್ಷದ ಇಬ್ಬರು ಹೆಣ್ಣುಮಕ್ಕಳು, ಡ್ರೈವರ್ ಮಾರುತಿ ಮತ್ತು ನಾನು. ಸಾವಕಾರರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ದೇಹೂ ರೋಡ್ ದಾಟಿ ಒಂದು ಬಯಲಲ್ಲಿ ಗಾಡಿ ನಿಲ್ಲಿಸಿದೆವು. ನಾನು ಜನರೇಟರನ್ನು ಗಾಡಿಯ ಮೂಡಣ ಬದಿಗೆ ಇಳಿಸಿ, ಹೊಗೆಯ ಕೊಳವೆ ಗಾಡಿಯಿಂದ ಆಚೆ ಇರುವಂತೆ ಇಟ್ಟೆ. ತಂತಿ ಗಿಡ್ಡವಾದ್ದರಿಂದ ನಾಲ್ಕು ಮಾರು ಅಂದದ್ದು ಎರಡಾಯಿತು. ಇರಲಿ ಎಂದುಕೊಂಡೆ.

ಗುಜರಿಯಿಂದ ಬಂದರೂ ನಮಗೆ ಅದು ಹೊಸ ಮಷೀನು. ಪೂಜೆಯಾಗದೆ ಚಾಲೂ ಮಾಡುವ ಹಾಗಿಲ್ಲ. ನಮ್ಮ ಜನ ಸೈಕಲ್ಲಿಗೂ ತೆಂಗಿನಕಾಯಿ ಒಡೆಯುವವರು. ವೈನಿ ವಿಭೂತಿ, ಕುಂಕುಮ, ಊದಿನಕಡ್ಡಿ ತಂದರು. ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ ಆಯಿ ಕತ್ತೆತ್ತಿ ನೋಡಿ ನನ್ನನ್ನು ಕರೆದರು.

“ತಮ್ಮಾ, ಮಷೀನು ಮುಳುಗೋ ದಿಕ್ಕಿಗೆ ಮುಖ ಮಾಡೇತಲ್ಲೋ. ಹಂಗ ಪೂಜಿ ಮಾಡ್ತಾರೇನಪಾ? ಮೂಡಣಕ್ಕ ತಿರಗಸು.”

“ಆಯಿ, ಮೂಡಣಕ್ಕ ತಿರಗಸಿದ್ರ ಹೊಗಿ ಗಾಡಿ ಕಡೆ ಬರ್ತದ್ರಿ.”

“ಒಂದು ತಾಸಿನ ಹೊಗಿಗೆ ಏನಾಕ್ಕತಿ? ನನ್ನ ಮೊಮ್ಮಕ್ಕಳು ಹೋಗೋ ಗಾಡಿ ಐತಿ. ಮೊದಲನೇ ಪೂಜಿ ಕೆಡಸಬ್ಯಾಡ.”

ನಾನು ತಿರುಗಿಸಿದೆ; ಸಾವಕಾರರು ಆಗ ಮಾರುತಿಯೊಂದಿಗೆ ಗಾಡಿಯ ಆಚೆ ಬದಿಯಲ್ಲಿ ಗಾಲಿ ನೋಡುತ್ತಿದ್ದರು, ವೈನಿಗೆ ಕೊಳವೆಯ ವಿಷಯ ತಿಳಿಯದು. ಈಗ ಹೊಗೆಯ ಕೊಳವೆ ನೇರವಾಗಿ ಗಾಡಿಯ ಬಾಗಿಲಿಗೆ ಎದುರಾಯಿತು. ಕಾಯಿ ಒಡೆದಾದ ಮೇಲೆ ಮೊದಲಿನಂತೆ ಇಟ್ಟರಾಯಿತು ಎಂದುಕೊಂಡಿದ್ದೆ. ಆದರೆ ಪೂಜೆ ಮುಗಿದದ್ದೇ ಆಯಿ, “ಇವತ್ತೊಂದಿನ ಅಳ್ಳಾಡಸಬ್ಯಾಡಪಾ ಅದನ್ನ,” ಎಂದರು. ಹೂಂ ಎಂದೆ. ಅನ್ನ ಹಾಕಿದ ಕೈಗೆ ಎದುರಾಡುವುದು ನನ್ನಿಂದಾಗಲಿಲ್ಲ. ಎಲ್ಲರಿಗೂ ಪಾಠ ಹೇಳುವ ನಾನೇ ಹೀಗೆ ಮಾಡಿದೆ.

ಊಟವಾಯಿತು. ಮಳೆ ಶುರುವಾಯಿತು. ಮಷೀನು ನೆನೆದರೆ ಫ್ಯಾನು ನಿಲ್ಲುತ್ತದೆ, ಫ್ಯಾನು ನಿಂತರೆ ಆಯಿಗೆ ಉಸಿರು ನಿಲ್ಲುತ್ತದೆ. ಗಾಡಿಯ ಮೇಲ್ಭಾಗಕ್ಕೆ ತಾಡಪತ್ರಿ ಕಟ್ಟಿ ಮಷೀನಿನ ಮೇಲೆ ಇಳಿಬಿಟ್ಟೆ. ಅದೂ ನಾನೇ ಮಾಡಬಾರದೆಂದು ಹೇಳಿದ್ದ ಕೆಲಸ. ಒಂದು ಗಾಲಿ ಗಾಳಿ ಬಿಟ್ಟಿತ್ತೆಂದು ಸಾವಕಾರರು ಮತ್ತು ಮಾರುತಿ ಅದನ್ನು ಬಿಚ್ಚಿಕೊಂಡು ಪಂಕ್ಚರ್ ಹಾಕಿಸಲು ಬಜಾರಿಗೆ ಹೋದರು. ನಾನು ಮಷೀನಿನ ಹತ್ತಿರವೇ ಕೂತಿದ್ದೆ. ಮಳೆ ಜೋರಾಯಿತು. ವೈನಿ ಬಾಗಿಲು ತೆರೆದು, “ಒಳಗ ಬರ್ರಿ, ಯಾಕ ನೆನೀತೀರಿ?” ಎಂದರು. ಹೋದೆ. ಇರಚಲು ಬಡಿಯುತ್ತದೆಂದು ಬಾಗಿಲು ಮುಚ್ಚಿ ಚಿಲಕ ಹಾಕಿ, ಕಾಲು ಒರೆಸಿಕೊಂಡೆ. ಕಿಟಕಿಗಳು ಮೊದಲೇ ಮುಚ್ಚಿದ್ದವು.

ಬಾಗಿಲಿಗೆ ಒರಗಿ ನೆಲದ ಮೇಲೆ ಕೂತೆ. ಮಕ್ಕಳು ಚೌಕಾಬಾರ ಆಡುತ್ತಿದ್ದರು. ಆಯಿ ಫ್ಯಾನಿನ ಗಾಳಿಗೆ ಆಗಲೇ ನಿದ್ದೆ ಹೋಗಿದ್ದರು. ನನಗೆ ತಲೆ ಭಾರವಾಯಿತು. ನಾಲ್ಕು ಹೋಳಿಗೆ ತಿಂದಿದ್ದೆನಲ್ಲ, ಆ ಜಡ ಎಂದುಕೊಂಡೆ. ಹೊಗೆಯ ವಾಸನೆಯೂ ಬರಲಿಲ್ಲ, ವೈನಿ ಒಳಗೂ ಹಚ್ಚಿಟ್ಟಿದ್ದ ಊದಿನಕಡ್ಡಿಯ ಘಮವೇ ತುಂಬಿತ್ತು. ಎಷ್ಟು ಹೊತ್ತಾಯಿತೋ. ಒಮ್ಮೆ ಕಣ್ಣು ಬಿಟ್ಟಾಗ ಮಕ್ಕಳ ಸದ್ದಿಲ್ಲ. ದೊಡ್ಡವಳು ಕವಡೆಗಳನ್ನು ಕೈಯಲ್ಲಿ ಹಿಡಿದಂತೆಯೇ ತಂಗಿಯ ಮೇಲೆ ಬಿದ್ದಿದ್ದಳು. ವೈನಿ ಗೋಡೆಗೆ ತಲೆ ಆನಿಸಿ ಬಾಯಿ ತೆರೆದುಕೊಂಡಿದ್ದರು. ಆಗ ನನಗೆ ಎಲ್ಲವೂ ಅರ್ಥವಾಯಿತು. ತಾಡಪತ್ರಿಯ ಅಡಿ ಕಟ್ಟಿಕೊಂಡ ಹೊಗೆ ಬಾಗಿಲ ಸಂದಿನಿಂದ ಒಳಗೆ ಬರುತ್ತಿತ್ತು.

ಏಳಬೇಕೆಂದೆ. ಕಾಲು ನನ್ನವಾಗಿರಲಿಲ್ಲ. ಬಾಗಿಲಿನ ಚಿಲಕ ತಲೆಯಿಂದ ಒಂದು ಮೊಳ ಮೇಲಿತ್ತು. ಕೈ ಎತ್ತಬೇಕೆಂದೆ, ಬೆರಳು ಕೂಡ ಅಲ್ಲಾಡಲಿಲ್ಲ. ಕೂಗಬೇಕೆಂದೆ, ನಾಲಿಗೆ ಮರದ ತುಂಡಿನಂತೆ ಬಿದ್ದಿತ್ತು. ಬುದ್ಧಿ ಮಾತ್ರ ಎಚ್ಚರವಿತ್ತು. ಹೊರಗೆ ಮಷೀನು ನಾನೇ ಟ್ಯೂನ್ ಮಾಡಿದ ಸದ್ದಿನಲ್ಲಿ ಒಂದೇ ಸಮನೆ ಓಡುತ್ತಿತ್ತು. ಕಾಕ್ ಮುಚ್ಚಿದರೆ ಸಾಕು, ಇವರೆಲ್ಲ ಉಳಿಯುತ್ತಾರೆ. ಕಣ್ಣೆದುರಿಗೆ ಆ ಚಿಕ್ಕ ಹುಡುಗಿಯ ಬಣ್ಣಗೆಡುತ್ತಿದ್ದ ತುಟಿ ನೋಡುತ್ತಾ ನಾನು ಅತ್ತೆ. ಆ ನಿಮಿಷಗಳಷ್ಟು ಕೈಲಾಗದವನಾಗಿ ನಾನು ಹಿಂದೆಂದೂ ಇರಲಿಲ್ಲ, ಆಮೇಲೂ ಇಲ್ಲ.

ಆಗ ಹೊರಗಿನಿಂದ, ಬಾಗಿಲಿನ ಆಚೆ ಮಷೀನಿನ ಹತ್ತಿರದಿಂದ ಒಂದು ದನಿ ಬಂತು. ಅದು ಆಯಿಯ ದನಿ.

“ತಮ್ಮಾ, ಯಾವ ಕಡೆ ತಿರುವಲಿ?”

ಆಯಿ ನನ್ನ ಕಣ್ಣೆದುರಿಗೆ ಮಂಚದ ಮೇಲೆ ಮಲಗಿದ್ದರು. ಕಣ್ಣು ಮುಚ್ಚಿತ್ತು, ಫ್ಯಾನಿನ ಗಾಳಿಗೆ ಬಿಳಿಕೂದಲು ಹಾರುತ್ತಿತ್ತು. ದನಿ ಮತ್ತೆ ಕೇಳಿತು, ಈ ಸಲ ಸ್ವಲ್ಪ ಸಿಟ್ಟಿನಿಂದ. “ಹೇಳೋ, ಯಾವ ಕಡೆ?”

ನನಗೆ ಬಾಯಿ ಇರಲಿಲ್ಲ. ಎಡಕ್ಕೆ, ಆಯಿ, ಎಡಕ್ಕೆ ಎಂದು ಮನಸ್ಸಿನಲ್ಲಿ ಕೂಗಿಕೊಂಡೆ.

ಮತ್ತೆ ದನಿಯಿಲ್ಲ. ಕಾಕ್ ಮುಚ್ಚಿದ ಕೂಡಲೇ ಇಂಜಿನ್ ನಿಲ್ಲುವುದಿಲ್ಲ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲಿನಲ್ಲಿ ಸ್ವಲ್ಪ ಹೊತ್ತು ಓಡುತ್ತದೆ. ಹಾಗೆಯೇ ಓಡಿತು. ಆಮೇಲೆ ಎರಡು ಸಲ ಕೆಮ್ಮಿ ನಿಂತಿತು. ಫ್ಯಾನು ನಿಧಾನವಾಗುತ್ತಾ ನಿಲ್ಲುವುದನ್ನು ನೋಡಿದ್ದು ನೆನಪಿದೆ. ಮುಂದಿನದು ಇಲ್ಲ.

ಪ್ರಜ್ಞೆ ಬಂದಾಗ ಮಳೆಯಲ್ಲಿ ಬಯಲ ಮೇಲೆ ಬಿದ್ದಿದ್ದೆ. “ದರವಾಜಾ ಉಘಡಾ, ದರವಾಜಾ ಉಘಡಾ,” ಎಂದು ಬಾಗಿಲು ತೆರೆಯಲು ಮರಾಠಿಯಲ್ಲಿ ಕೂಗುತ್ತಾ ಮಾರುತಿ ಅದನ್ನು ಬಡಿದು, ಕೊನೆಗೆ ಮುರಿದು ಒಳಗೆ ಬಂದನಂತೆ. ಚಿಲಕ ಒಳಗಿನಿಂದ ಹಾಕಿತ್ತು. ಮಕ್ಕಳು ವಾಂತಿ ಮಾಡಿಕೊಂಡು ಅಳುತ್ತಿದ್ದರು. ಆ ಅಳು ಕೇಳಿ ನನಗಾದ ಸಂತೋಷ ಹೇಳತೀರದು. ವೈನಿಗೆ, ಆಯಿಗೆ ಎಚ್ಚರವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಇನ್ನು ಕಾಲು ಗಂಟೆ ಮಷೀನು ಓಡಿದ್ದರೆ ಯಾರೂ ಸಿಗುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು.

ಸಾವಕಾರರು ನನ್ನ ಎರಡೂ ಕೈ ಹಿಡಿದುಕೊಂಡು, “ಪುಣ್ಯಾತ್ಮ, ನೀ ಬಂದ್ ಮಾಡಿದಿ ಅಂತ ನನ್ನ ಮನಿ ಉಳೀತು,” ಎಂದು ಅತ್ತರು. ನಾನಲ್ಲ ಎಂದೆ. ಗಾಬರಿಯಲ್ಲಿ ಮರೆತಿದ್ದಾನೆ ಎಂದುಕೊಂಡರು. ಹೊಗೆ ಒಳಗೆ ಹೇಗೆ ಬಂತು ಎಂದು ಕೇಳಿದಾಗ ಮಳೆಗೆ ಗಾಳಿ ತಿರುಗಿತ್ತು ಎಂದು ಸುಳ್ಳು ಹೇಳಿದೆ. ಮಷೀನು ತಿರುಗಿಸಿದ್ದನ್ನು ಹೇಳಿದರೆ ಅದು ಆಯಿಯ ಕೊರಳಿಗೆ ಬೀಳುತ್ತಿತ್ತು.

ಮರುದಿನ ಹೋಗಿ ಮಷೀನು ನೋಡಿದೆ. ಟಾಕಿಯಲ್ಲಿ ಅರ್ಧ ಪೆಟ್ರೋಲಿತ್ತು. ಕಾಕ್ ಪೂರ್ತಿ ಎಡಕ್ಕೆ ತಿರುಗಿ ಮುಚ್ಚಿತ್ತು. ಇಂಜಿನಿನ ನಡುಕಕ್ಕೆ ತಾನಾಗಿ ತಿರುಗಿರಬಹುದೇ ಎಂದು ಕಾಕ್ ತೆರೆದು ಬಿಸಿಲಿನಲ್ಲಿ ಮೂರು ತಾಸು ಓಡಿಸಿದೆ. ಕೂದಲೆಳೆಯಷ್ಟೂ ಸರಿಯಲಿಲ್ಲ. ನಾನೇ ಅಮಲಿನಲ್ಲಿ ಎದ್ದು ಹೋಗಿ ಮುಚ್ಚಿ ಬಂದು ಚಿಲಕ ಹಾಕಿಕೊಂಡೆನೇ? ಹೊರಗೆ ಮೊಣಕಾಲುದ್ದ ಕೆಸರಿತ್ತು, ಎತ್ತಿ ಹೊರತಂದಾಗ ನನ್ನ ಕಾಲು ಒಣಗಿತ್ತು ಎಂದು ಮಾರುತಿ ಹೇಳುತ್ತಾನೆ. ಆ ವಿಷಗಾಳಿಗೆ ಇಲ್ಲದ ದನಿಗಳು ಕೇಳುತ್ತವೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೆ ಇಲ್ಲದ ದನಿ ಕಾಕ್ ಮುಚ್ಚುವುದು ಹೇಗೆ?

ಆ ದೀಪಾವಳಿಯಾದ ಮೇಲೆ ಜನರೇಟರ್ ಇಲ್ಲದೆ, ಬೀಸಣಿಗೆ ಬೀಸಿಕೊಂಡೇ ಆಯಿಯನ್ನು ಶ್ರೀಶೈಲಕ್ಕೆ ಕರೆದೊಯ್ದರು. ಬಂದ ಮೇಲೆ ಒಮ್ಮೆ ಧೈರ್ಯ ಮಾಡಿ ಕೇಳಿದೆ. “ಆಯಿ, ಅವತ್ತ ನಿಮಗ ಏನರ ಎಚ್ಚರ ಇತ್ತೇನ್ರಿ?”

“ಇಲ್ಲಪಾ. ಅಂಥಾ ನಿದ್ದಿ ಎರಡು ವರ್ಷದಾಗ ಬಂದಿದ್ದಿಲ್ಲ ನನಗ. ನೀ ಎಚ್ಚರ ಇದ್ದಿಯಲ್ಲ, ಅಷ್ಟ ಸಾಕು,” ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಮುಂದಿನ ಬೇಸಿಗೆಯನ್ನು ಅವರು ಕಾಣಲಿಲ್ಲ.

ಹತ್ತು ವರ್ಷ ಕಳೆದ ಮೇಲೆ ಆ ದೊಡ್ಡ ಹುಡುಗಿಯ ಮದುವೆಯಾಯಿತು. ಸಾವಕಾರರು ನನ್ನನ್ನು ಬಂಧುಗಳ ಸಾಲಿನಲ್ಲಿ ಕೂರಿಸಿದರು. ಮಗಳನ್ನು, ಅಳಿಯನನ್ನು ಕರೆತಂದು, “ಇವರ ಕಾಲು ಮುಟ್ರಿ, ಇವರಿಂದ ಉಳದಾಕಿ ನೀನು,” ಎಂದರು. ಸುತ್ತಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹುಡುಗಿ ಬಗ್ಗಿದಳು. ನಾನಲ್ಲ ಎಂದು ಹೇಳಲು ಬಾಯಿ ತೆರೆದೆ. ಹಾಗಾದರೆ ಯಾರು ಎಂದು ಕೇಳುತ್ತಾರಲ್ಲ. ಅಕ್ಷತೆ ಹಾಕಿ ಮನೆಗೆ ಬಂದೆ.